ಇಸುಬಿನ ಕೈಯೂ ಕಾಫಿ ತೊಟ್ಟಿಯೂ

ಕಾಯಿಲೆ ಬಂದರೆ ನಾನು ಹೇಗೋ ತಡೆದುಕೊಳ್ಳುತ್ತೇನೆ. ಕಾಯಿಲೆಗೆ ಕಾರಣ ಹೇಳುವವರು ಬಂದರೆ ಮಾತ್ರ ತಡೆಯಲಾಗುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ನನ್ನ ಎರಡೂ ಅಂಗೈಗೆ ಇಸುಬು ಹತ್ತಿದ ವರ್ಷ, ಯಸಳೂರಿನಿಂದ ಸಕಲೇಶಪುರದವರೆಗೆ ಕಾರಣ ಹೇಳದ ಒಂದೇ ಒಂದು ಪ್ರಾಣಿ ನನಗೆ ಸಿಗಲಿಲ್ಲ. ಬದನೆಕಾಯಿ ತಿಂದಿದ್ದೀರಿ ಎಂದರು. ಯಾವುದೋ ಹುತ್ತ ಅಗೆಸಿದ್ದೀರಿ ಎಂದರು. ಬಸ್ಸಿನ ಕಂಡಕ್ಟರು ಟಿಕೆಟ್ಟನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲಿಟ್ಟು, ಕಜ್ಜಿಗೆ ಬೇವಿನೆಣ್ಣೆ ಒಳ್ಳೆಯದು ಎಂದ. ಕಜ್ಜಿ ಬೇರೆ, ಇಸುಬು ಬೇರೆ. ಕಜ್ಜಿ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಇಸುಬು ಅಂಟುವುದಿಲ್ಲ. ಇದನ್ನು ಬಸ್ಸಿನ ತುಂಬ ಕೇಳುವಂತೆ ಹೇಳಿದೆ. ಎಲ್ಲರೂ ತಲೆಯಾಡಿಸಿ ಒಂದೊಂದು ಸೀಟು ಹಿಂದಕ್ಕೆ ಹೋಗಿ ಕುಳಿತರು.

ನಾನು ಎಸ್ಟೇಟಿನ ರೈಟರು. ಹಾಜರಿ ಬರೆಯುವುದು, ಗೊಬ್ಬರ ಅಳೆಯುವುದು ಯಾರು ಬೇಕಾದರೂ ಮಾಡುವ ಕೆಲಸ. ನನಗೆ ಬೆಲೆಯಿದ್ದದ್ದು ಕೊಯ್ಲಿನ ಎರಡು ತಿಂಗಳು, ಅದೂ ನನ್ನ ಬಲಗೈಗೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೂ ಬೀಜದ ಮೈಗೆ ಲೋಳೆ ಅಂಟಿಕೊಂಡಿರುತ್ತದೆ. ಆ ಬೀಜವನ್ನು ಸಿಮೆಂಟಿನ ತೊಟ್ಟಿಗೆ ತುಂಬಿ ಹುಳಿಯಲು ಬಿಡಬೇಕು. ಲೋಳೆಯನ್ನು ಬಿಡಿಸುವುದು ನಾವಲ್ಲ, ಕಣ್ಣಿಗೆ ಕಾಣದ ಕ್ರಿಮಿಗಳು. ಅವುಗಳ ಕೆಲಸ ಮುಗಿಯಿತೇ ಎಂದು ತಿಳಿಯಲು ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ಬೀಜ ತೆಗೆದು ಉಜ್ಜಬೇಕು. ಜಾರಿದರೆ ಇನ್ನೂ ಆಗಿಲ್ಲ. ಗರಗರ ಅಂದರೆ ಆಯಿತು, ಕೂಡಲೇ ತೊಳೆಯಬೇಕು. ತಡವಾದರೆ ಕಾಫಿಗೆ ಹುಳಿನಾತ ಹತ್ತುತ್ತದೆ. ಬೀಜ ಆಯಿತೋ ಇಲ್ಲವೋ ಎಂಬ ಮಾತನ್ನು ಹದಿನೆಂಟು ವರ್ಷ ಹೇಳಿದ್ದು ನನ್ನ ಕೈ.

ಆ ಸಲ ಕೊಯ್ಲಿಗೆ ಮೊದಲೇ ಸಾಹುಕಾರರು ನನ್ನ ಅಂಗೈ ನೋಡಿದರು. ಬಿರುಕು ಬಿಟ್ಟು, ನೀರು ಸುರಿದು, ನನಗೇ ನೋಡಲು ಹೇಸಿಗೆಯಾಗುವಂತಿತ್ತು. ಅವರು ದೊಡ್ಡ ದನಿಯಲ್ಲಿ ಏನೂ ಹೇಳಲಿಲ್ಲ. "ರೈಟ್ರೇ, ಈ ಸಲ ತೊಟ್ಟಿಗೆ ಕೈ ಹಾಕಬ್ಯಾಡಿ. ಮೇಸ್ತ್ರಿ ನೋಡ್ಕೊಳ್ಳಲಿ" ಎಂದರು. ಅಷ್ಟೇ. ಮೇಸ್ತ್ರಿ ಪುಟ್ಟಯ್ಯನಿಗೆ ಬೀಜ ಹಿಡಿಯಲು ಹೇಳಿಕೊಟ್ಟವನೇ ನಾನು. ಅವನು ಅಂಗಿಯ ತೋಳು ಮಡಚಿ ತೊಟ್ಟಿಗೆ ಬಾಗುವುದನ್ನು ನೋಡುತ್ತಾ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ಸ್ಟೋರಿನ ಹಿಂದೆ ಹೋಗಿ ಅತ್ತೆ.

ಅಳು ನಿಂತ ಮೇಲೆ ಹಾಸನಕ್ಕೆ, ಚರ್ಮದ ಡಾಕ್ಟರ ಹತ್ತಿರ ಹೊರಟೆ. ಆಲೂರಿನಲ್ಲಿ ಬಸ್ಸು ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕುಳಿತು, ನನ್ನನ್ನು ಕೇಳದೆಯೇ ಅಂಗೈ ತಿರುಗಿಸಿ ನೋಡಿ, ಹೊಟ್ಟೆ ಕೆಟ್ಟಿದೆ, ಅದಕ್ಕೇ ಮೈ ಕೆಟ್ಟಿದೆ, ಮಜ್ಜಿಗೆ ಕುಡಿ ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಹಾಸನದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮುಲಾಮು ಬರೆದರು, ಕೈಯನ್ನು ನೀರಿನಿಂದ ದೂರ ಇಡಲು ಹೇಳಿದರು. ಆಮೇಲೆ ನೀವೇ ಏನೇನು ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಸೀನು ಬಂದರೆ, ಗಂಟಲು ಕೆರೆದರೆ, ಊಟ ಹೆಚ್ಚಾಗಿ ಹೊಟ್ಟೆ ಗುಡುಗಿದರೆ, ನನ್ನ ಜೇಬಿನಲ್ಲಿ ಆ್ಯಂಟಿಬಯೋಟಿಕ್ ಸಿದ್ಧ. ವರ್ಷಗಳಿಂದಲೂ ಡಾಕ್ಟರ ತನಕ ಹೋದವನಲ್ಲ ನಾನು. ಅವರು ಪೆನ್ನು ಕೆಳಗಿಟ್ಟರು. ಕರುಳಿನಲ್ಲಿ ನಮಗೆ ಬೇಕಾದ ಕ್ರಿಮಿಗಳೂ ಇರುತ್ತವೆ, ಈ ಮಾತ್ರೆ ಅವನ್ನೂ ಕೊಲ್ಲುತ್ತದೆ, ಆ ಕ್ರಿಮಿಗಳಿಗೂ ಚರ್ಮಕ್ಕೂ ನಂಟಿರಬಹುದೆಂದು ಈಗೀಗ ಹೇಳುತ್ತಿದ್ದಾರೆ ಎಂದರು. ಖಚಿತವೇ ಎಂದೆ. ಖಚಿತವಿಲ್ಲ, ಮುಲಾಮು ಬಿಡಬೇಡಿ, ಸುಮ್ಮಸುಮ್ಮನೆ ಮಾತ್ರೆ ನುಂಗಬೇಡಿ, ಮೊಸರು ಮಜ್ಜಿಗೆ ಒಗ್ಗಿದರೆ ತೆಗೆದುಕೊಳ್ಳಿ ಎಂದರು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆಲೂರಿನ ಅಜ್ಜಿ ಹೇಳಿದ್ದನ್ನು ಕೇಳಲು ಹಾಸನದವರೆಗೆ ಯಾಕೆ ಬರಬೇಕಿತ್ತು? ಆ ಸಿಟ್ಟಿನಲ್ಲಿ ಬಸ್‌ಸ್ಟ್ಯಾಂಡಿನಲ್ಲೇ ಒಂದು ಮಾತ್ರೆ ನುಂಗಿದೆ, ಗಂಟಲು ಸ್ವಲ್ಪ ಕೆರೆಯುತ್ತಿತ್ತು.

ವಾರದೊಳಗೆ ತೊಟ್ಟಿ ಕೆಟ್ಟಿತು. ಇಷ್ಟೊತ್ತಿಗೆ ಗರಗರ ಅನ್ನಬೇಕಾಗಿದ್ದ ಬೀಜ ಬೆಂಡೆಕಾಯಿಯ ಹಾಗೆ ಜಾರುತ್ತಿತ್ತು. ಸಾಹುಕಾರರು ಬಂದು ನಿಂತರು. ನಾನು ತೊಟ್ಟಿಯ ಅಂಚಿಗೆ ಬಾಗಿ ಮೂಸಿದೆ, ಆಸ್ಪತ್ರೆಯ ವಾಸನೆ. ಕೇಳಿದರೆ ಪುಟ್ಟಯ್ಯ, ನನ್ನ ಕೈಯ ರೋಗ ಎಲ್ಲಿ ಉಳಿದಿದೆಯೋ ಎಂದು ಹೆದರಿ, ತೊಟ್ಟಿಗೆ ದಿನವೂ ಬ್ಲೀಚಿಂಗ್ ಪುಡಿ ಸುರಿದು ಉಜ್ಜಿದ್ದಾನೆ, ಸರಿಯಾಗಿ ತೊಳೆಯದೆ ಬೀಜ ತುಂಬಿದ್ದಾನೆ. ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಕೆಲ್ಸ ಮಾಡೋ ಕ್ರಿಮಿಗಳನ್ನೆಲ್ಲ ಸಾಯಿಸ್ಬುಟ್ಟೆಯಲ್ಲೋ! ಇನ್ನು ಲೋಳೆ ಬಿಡಿಸೋರ್ ಯಾರೋ, ನಿಮ್ಮಪ್ಪನಾ?"

ಪುಟ್ಟಯ್ಯ ತಲೆ ತಗ್ಗಿಸಿದ. ಸಾಹುಕಾರರು ನನ್ನ ಕಡೆ ತಿರುಗಿ, ನಾಳೆಯಿಂದ ನೀವೇ ನೋಡಿ ರೈಟ್ರೇ ಎಂದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಹೆಂಡತಿ ಗೌರಮ್ಮ ರಾಗಿ ಮುದ್ದೆ ತಿರುವುತ್ತಿದ್ದಳು. ನಾನು ಪುಟ್ಟಯ್ಯನಿಗೆ ಬೈದದ್ದನ್ನು ಒಂದು ಅಕ್ಷರ ಬಿಡದೆ, ಕೈ ಬೀಸಿ ಬೀಸಿ, ಎರಡು ಸಲ ಹೇಳಿದೆ. ಅವಳು ಎರಡೂ ಸಲ ಕೇಳಿ, ಕೈ ತೊಳೆದುಕೊಂಡು ಬಂದು, ನನ್ನ ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದಳು. ಹತ್ತರಲ್ಲಿ ಮೂರು ಉಳಿದಿತ್ತು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹಾಸನದಿಂದ ಬಂದ ದಿನವೇ ಅವಳಿಗೆ ಹೇಳಿ ನಕ್ಕವನು ನಾನೇ.

"ಮೇಸ್ತ್ರಿಗೆ ಬೈದಿದ್ದು ಸರಿಯಾಗೈತೆ ಕಣ್ರೀ. ಅವ್ನು ತೊಟ್ಟಿಗೆ ಒಂದು ವಾರ ಹಾಕ್ದ. ನೀವ್ ಹೊಟ್ಟೆಗೆ ಎಷ್ಟ್ ವರ್ಸದಿಂದ ಹಾಕ್ತಿದೀರಿ?"

ಹೆಂಡತಿಯ ಮಾತು ಸರಿಯಾಗಿದ್ದಾಗ ಬರುವಷ್ಟು ಸಿಟ್ಟು ಬೇರೆ ಯಾವಾಗಲೂ ಬರುವುದಿಲ್ಲ. ಕುಡಿಯುವುದಿಲ್ಲ ಎಂದು ತೋರಿಸಲೆಂದೇ ಅವಳು ಮುಂದಿಟ್ಟ ಮಜ್ಜಿಗೆಯ ಲೋಟವನ್ನು ಬಹಳ ಹೊತ್ತು ನೋಡಿ, ಆಮೇಲೆ ಕುಡಿದೆ.

ಮರುದಿನ ತೊಟ್ಟಿಯ ಬಳಿ ಹೋಗಿ ಅಂಗಿಯ ತೋಳು ಮಡಚಿದೆ. ಅಂಗೈಯ ಬಿರುಕು ಬಾಯಿ ತೆರೆದೇ ಇತ್ತು. ಪುಟ್ಟಯ್ಯ ದೂರದಲ್ಲಿ ನಿಂತಿದ್ದ. ಕೊನೆಗೆ ನಾನೇ ಅವನನ್ನು ಕರೆದೆ. ಅವನು ಕೈ ಹಾಕಿ ಒಂದು ಹಿಡಿ ಬೀಜ ತೆಗೆದು, ನನ್ನ ಕಿವಿಯ ಹತ್ತಿರ ಹಿಡಿದು ಉಜ್ಜಿದ. ಇನ್ನೂ ಇಲ್ಲ ಎಂದೆ. ಆ ಕೊಯ್ಲು ಪೂರ್ತಿ ಹಾಗೆಯೇ ನಡೆಯಿತು, ಕೈ ಅವನದು, ಕಿವಿ ನನ್ನದು. ಕಾಫಿ ಚೆನ್ನಾಗಿಯೇ ಬಂತು, ಅದೂ ನನಗೆ ಸಿಟ್ಟೇ.

ಮುಂದಿನ ಕೊಯ್ಲಿನ ಹೊತ್ತಿಗೆ ಅಂಗೈ ಮುಕ್ಕಾಲು ವಾಸಿಯಾಗಿತ್ತು. ಮುಲಾಮಿನಿಂದ ಎಂದು ನಾನು, ಮಜ್ಜಿಗೆಯಿಂದ ಎಂದು ಗೌರಮ್ಮ, ಎರಡೂ ಖಚಿತವಿಲ್ಲ ಎಂದು ಡಾಕ್ಟರಮ್ಮ. ಈಗ ಬಸ್ಸಿನಲ್ಲಿ ಯಾರದಾದರೂ ಕೈಯಲ್ಲಿ ಇಸುಬು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮೊನ್ನೆ ಒಬ್ಬರ ಅಂಗೈ ತಿರುಗಿಸಿ ನೋಡಿ, ಹೊಟ್ಟೆ ಹೇಗಿದೆ ಎಂದು ಕೇಳಿದೆ. ಅವರು ಎದ್ದು ಒಂದು ಸೀಟು ಹಿಂದಕ್ಕೆ ಹೋಗಿ ಕುಳಿತರು.