ಸರ್ವರ್‌ಗೆ ರಾಹುಕಾಲವಿಲ್ಲ

ಯೋಗಾನಂದ ಫ್ಲಾಪಿಯನ್ನು ಸರಕ್ಕನೆ ಅಂಗಿಯೊಳಗೆ ತೂರಿಸಿಕೊಂಡ. ಕಂಪ್ಯೂಟರಿನ ಪರದೆಯಿಂದ ಅಕ್ಷರಗಳು ಒಂದೊಂದಾಗಿ ಕಳಚಿ, ಜರಡಿಯಿಂದ ರಾಗಿ ಸುರಿದ ಹಾಗೆ ಕೆಳಗೆ ಗುಡ್ಡೆಯಾಗುತ್ತಿದ್ದವು.

"ವೈರಸ್ ಕಣ್ರೋ!" ಮಗ್ಗದ ಮೆಕ್ಯಾನಿಕ್ ಬೈರೇಶ್ ಹಿಂದೆ ಸರಿದು ಮೂಗಿಗೆ ಕರ್ಚೀಫು ಹಿಡಿದ.

ದೊಡ್ಡಬಳ್ಳಾಪುರದ ಆ ಸೀರೆ ಡಿಸೈನ್ ಆಫೀಸಿನ ಯಜಮಾನರು ವೆಂಕಟರಮಣಪ್ಪ. ಬಾಗಿಲಲ್ಲೇ ನಿಂತು ಗುಡುಗಿದರು: "ಐದು ಗಂಟೆಗೆ ಸೆರಗಿನ ಡಿಸೈನ್ ಮಗ್ಗಕ್ಕೆ ಹೋಗ್ಬೇಕು. ಈ ರೋಗ ತಂದೋನು ಯಾರೇ ಆಗ್ಲಿ, ಇವತ್ತೇ ಮನೆಗೆ ಕಳಿಸ್ತೀನಿ."

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಯೋಗಾನಂದ ಅಂಗಿಯ ಗುಂಡಿ ಹಾಕಿಕೊಂಡ. ಬೆಳಿಗ್ಗೆ ಗೆಳೆಯ ಕೊಟ್ಟ ಆಟದ ಫ್ಲಾಪಿ ಹಾಕಿದವನು ಅವನೇ.

ಆ್ಯಂಟಿವೈರಸ್ ಹಾಕಿ ಮೂರೂ ಕಂಪ್ಯೂಟರ್ ತೊಳೆದ. ಮೂರಕ್ಕೂ ಪ್ರೋಗ್ರಾಂ ಒದಗಿಸುವ ಗಾಜಿನ ಕೋಣೆಯ ಸರ್ವರ್ ಮಾತ್ರ ಮುಟ್ಟಲಿಲ್ಲ. ಅದು ಯೂನಿಕ್ಸ್, ಬೇರೆ ಬಗೆಯದು. "ಇದಕ್ಕೆ ವೈರಸ್ಸೇ ಬರಲ್ಲ" ಎಂದು ಮಾರಿದವರೇ ಹೇಳಿ ಹೋಗಿದ್ದರು.

ಅರ್ಧ ಗಂಟೆಗೆ ಅಕ್ಷರಗಳು ಮತ್ತೆ ಉದುರಿದವು. ತೊಳೆದ. ಉದುರಿದವು.

"ಸ್ನಾನ ಮಾಡ್ಕೊಂಡು ಬಂದಿದ್ಯೇನಪ್ಪಾ?" ಎಂದರು ಡಿಸೈನ್ ಬರೆಯುವ ಶಕುಂತಲಮ್ಮ.

ನಾಲ್ಕೂವರೆಗೆ ಫ್ಲಾಪಿ ಬೆವರಿಗೆ ಹೊಟ್ಟೆಗೆ ಅಂಟಿಕೊಂಡಿತ್ತು. ಕೊನೆಯ ಸಲ ತೊಳೆದು ಶಕುಂತಲಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟ.

"ತಡಿ, ರಾಹುಕಾಲ ನೋಡ್ದೆ ನಾನು ಸೆರಗು ಮುಟ್ಟಲ್ಲ" ಎಂದು ಆಕೆ ಸರ್ವರ್‌ನಲ್ಲಿದ್ದ ಜಾತಕದ ಪ್ರೋಗ್ರಾಂ ತೆರೆದರು. ಅಕ್ಷರಗಳು ದಬದಬ ಉದುರಿದವು.

"ಅಕ್ಕಾ! ಪ್ರತಿ ಸಲಾನೂ ನೋಡಿದ್ರಾ?"

"ನೋಡ್ದೆ ಇರ್ತೀನಾ?"

ಯೋಗಾನಂದ ಸರ್ವರನ್ನೇ ತಪಾಸಣೆ ಮಾಡಿದ. ಅದಕ್ಕೆ ಒಂದು ಸೀನೂ ಬಂದಿರಲಿಲ್ಲ. ತಾನು ನೆಟ್ಟಗಿದ್ದು ಮನೆಮಂದಿಗೆಲ್ಲ ಮದ್ರಾಸ್ ಐ ಹಂಚುವ ನೆಂಟನ ಹಾಗೆ ರೋಗ ಹೊತ್ತು ಕೂತಿತ್ತು. ಜಾತಕದ ಪ್ರೋಗ್ರಾಂ ಬಂದು ಹತ್ತು ದಿನ. ಯಾರೂ ತಿದ್ದದ ಹಾಗೆ ಅಂದೇ ಅದಕ್ಕೆ ಬೀಗ ಹಾಕಿತ್ತು. ಅಂದರೆ ರೋಗ ಅದರ ಜೊತೆಗೇ ಬಂದಿತ್ತು, ಈ ತನಕ ಸುಮ್ಮನೆ ಕಾದಿತ್ತು!

ಸಂತೋಷಕ್ಕೆ ಮೈಮರೆತು ಅಂಗಿಯೊಳಗಿಂದ ಫ್ಲಾಪಿ ಎಳೆದ. "ಯಜಮಾನ್ರೇ, ನನ್ದಲ್ಲ! ಇದನ್ನ ತಂದಿದ್ದು ಇವತ್ತು, ರೋಗ ಹತ್ತು ದಿನದ್ದು! ಆ ಜಾತಕ ತಂದೋನನ್ನ ಮನೆಗೆ ಕಳ್ಸಿ!"

ಬೈರೇಶ್ ತಟ್ಟನೆ ಸೂರು ನೋಡತೊಡಗಿದ.

ವೆಂಕಟರಮಣಪ್ಪ ಫ್ಲಾಪಿ ಕಿತ್ತುಕೊಂಡು ಜೇಬಿಗಿಳಿಸಿದರು. "ತಂದೋನು ನಾನು. ನನ್ನ ಮಗಳು ಗಾನವಿಗೆ ಮೂವತ್ತಾರಕ್ಕೆ ಮೂವತ್ತನಾಲ್ಕು ಗುಣ ಬಂದಿದ್ದು ಅದರಲ್ಲೇ. ನಾಳೆ ನಿಶ್ಚಿತಾರ್ಥ. ಜಾತಕಕ್ಕೇ ರೋಗ ಅಂತ ದೇವನಹಳ್ಳಿ ಬೀಗರ ಕಿವಿಗೆ ಬಿದ್ರೆ?" ಜೇಬು ತಟ್ಟಿದರು. "ರೋಗ ಬಂದಿದ್ದು ಇದರಿಂದ. ನಾಳೆಯಿಂದ ನೀನು ಬರಬೇಡ."

ಯೋಗಾನಂದ ಗಾಜಿನ ಕೋಣೆಯತ್ತ ಕೈ ತೋರಿದ. "ಆಯ್ತು ಯಜಮಾನ್ರೇ, ಒಪ್ಕೊತೀನಿ. ಹೋಗೋಕೆ ಮುಂಚೆ ಸರ್ವರ್ ಆದ್ರೂ ತೊಳೀತೀನಿ. ಒಂದೇ ಗುಂಡಿ. ಒತ್ಲಾ?"

"ಬೇಡ. ಮೂವತ್ತನಾಲ್ಕು ಗುಣಾನೂ ತೊಳೆದು ಹೋದ್ರೆ?"