ಕಂಪ್ಯೂಟರಿನ ಕೈದಿಯೂ ನಮ್ಮ ಮಾವನವರೂ

ಒಮ್ಮೆ ಸುರುವಾದ ಕೆಲಸವನ್ನು ಹೇಗೋ ಎಳೆದುಕೊಂಡು ಹೋಗುವ ಶಕ್ತಿ ನನಗಿದೆ. ಇಲ್ಲದಿರುವುದು ಸುರು ಮಾಡುವ ಶಕ್ತಿ. ಪತ್ರ ಬರೆಯಲು ಕುಳಿತರೆ ‘ಪ್ರಿಯ’ ಎನ್ನಬೇಕೋ ‘ಆತ್ಮೀಯ’ ಎನ್ನಬೇಕೋ ಎಂದು ಯೋಚಿಸುವಷ್ಟರಲ್ಲಿ ಅಂಚೆಯ ವೇಳೆ ಮೀರಿರುತ್ತದೆ. ಈಜು ಕಲಿಯಬೇಕೆಂದು ಚಿಕ್ಕಂದಿನಲ್ಲಿ ಗೆಳೆಯರ ಜೊತೆ ಭೀಮಾ ನದಿಗೆ ಹೋಗಿ, ಮೊದಲು ಬಲಗಾಲು ಇಡುವುದೋ ಎಡಗಾಲು ಇಡುವುದೋ ತೀರ್ಮಾನವಾಗದೆ, ಇಡೀ ಬೇಸಿಗೆ ದಂಡೆಯ ಮೇಲೆ ಕುಳಿತು ಅವರ ಅಂಗಿ ಚಡ್ಡಿ ಕಾಯ್ದು ಬಂದವನು ನಾನು. ನನ್ನ ಮದುವೆಯೂ ನಾನಾಗಿ ಸುರು ಮಾಡಿದ್ದಲ್ಲ. ಅಫಜಲಪುರದಲ್ಲಿ ಚನ್ನಪ್ಪ ವಕೀಲರ ಕೈಕೆಳಗೆ ಜೂನಿಯರ್ ಆಗಿ ಅವರ ಫೈಲುಗಳನ್ನು ಹೊತ್ತು ತಿರುಗುತ್ತಿದ್ದಾಗ, ಒಂದು ದಿನ ಅವರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು, “ಬಸವರಾಜ, ನಮ್ಮ ಮಹಾದೇವಿನ್ನ ನಿನಗ ಕೊಡಬೇಕಂತ ಮಾಡೇನಿ. ನಿನ್ನ ತಕರಾರು ಏನರ ಅದ ಏನು?” ಎಂದು ಕೇಳಿದರು. ತಕರಾರು ಹುಡುಕುವುದಕ್ಕೂ ನನಗೆ ವೇಳೆ ಹಿಡಿಯುತ್ತದೆ. ಅಷ್ಟರಲ್ಲಿ ಅಕ್ಷತೆ ಬಿದ್ದಿತ್ತು.

ನಾನಾಗಿಯೇ ಸುರು ಮಾಡಿದ್ದು ಒಂದೇ ಕೆಲಸ. ಅದರಿಂದಲೇ ಮಾವನವರು ನನ್ನ ಜೊತೆ ಮಾತು ಬಿಟ್ಟರು. ವಕೀಲಿಕೆ ನನಗೆ ಒಗ್ಗಲಿಲ್ಲ. ಹೊಲದ ಬದುವಿನ ಖಟ್ಲೆಯೊಂದರಲ್ಲಿ ನಮ್ಮದೇ ಸಾಕ್ಷಿದಾರನನ್ನು, “ಅಜ್ಜಾರ, ನಿಮಗ ಖರೇನ ನೆನಪದ ಏನ್ರಿ?” ಎಂದು ಕೇಳಿಬಿಟ್ಟೆ. ಆ ಮುದುಕ ಪಾಪ, ಪ್ರಾಮಾಣಿಕವಾಗಿ ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲ ಬಿಡ್ರಿ” ಎಂದ. ಎದುರು ಪಕ್ಷದ ವಕೀಲರು ನನ್ನನ್ನು ಕರೆದುಕೊಂಡು ಹೋಗಿ ಚಹಾ ಕುಡಿಸಿದರು. ಆಮೇಲೆ ನಾನು ಗುಲಬರ್ಗಾದಲ್ಲಿ ಕೆಲವು ತಿಂಗಳು ಕಂಪ್ಯೂಟರ್ ಕಲಿತು, ಕರಿ ಕೋಟನ್ನು ಟ್ರಂಕಿನ ತಳಕ್ಕೆ ಹಾಕಿ, ಜೇವರ್ಗಿಯಲ್ಲಿ ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದೆ. ಆಗಿನ್ನೂ ನಮ್ಮ ಸೀಮೆಯ ಜನ ಕಂಪ್ಯೂಟರನ್ನು ಬ್ಯಾಂಕಿನ ಗಾಜಿನ ಆಚೆಗೆ ಮಾತ್ರ ನೋಡಿದ್ದರು. ಮಾವನವರಿಗೆ ಇದು ತಮ್ಮ ಕಚೇರಿಗೆ ಆದ ಅಪಮಾನವಾಗಿ ಕಂಡಿತು. “ಕಾನೂನು ಓದಿದಾಂವ ಟೀವಿ ಮುಂದ ಕುಂತಾನ” ಎಂದು ಅಫಜಲಪುರದ ತುಂಬ ಹೇಳಿದರು. ನನಗೆ ಮಾತ್ರ ಏನೂ ಹೇಳಲಿಲ್ಲ. ಮಗಳನ್ನು ನೋಡಲು ಬಂದರೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಆಕೆಯ ಜೊತೆ ಮಾತಾಡಿ, ನಾನು ಅಲ್ಲೇ ನಿಂತಿದ್ದರೂ ನನ್ನ ಆಚೆಗಿನ ಗೋಡೆಯನ್ನು ನೋಡಿ ಎದ್ದು ಹೋಗುತ್ತಿದ್ದರು. ಮನುಷ್ಯನ ಮೂಲಕ ಗೋಡೆ ನೋಡುವುದು ಸುಲಭವಲ್ಲ. ಅವರಿಗೆ ಅದು ಸಿದ್ಧಿಸಿತ್ತು.

ಹೀಗಿರುವಾಗ ಮಹಾದೇವಿಗೆ ದಿನಗಳು ತುಂಬುತ್ತಾ ಬಂದವು. ಮೊದಲ ಬಾಣಂತನ ತವರಿನದು. ಮಾವನವರು ಕರೆಯಲು ಬರುವುದು, ಆಕೆ ಇನ್ನೊಂದು ವಾರ ಹೋಗಲಿ ಎನ್ನುವುದು ಬಹಳ ದಿನ ನಡೆಯಿತು. ಕೊನೆಗೆ ದವಾಖಾನೆಯಲ್ಲಿ, ಹೆರಿಗೆಗೆ ಇನ್ನೂ ವೇಳೆ ಇದೆ, ಆದರೆ ಬಸ್ಸಿನಲ್ಲಿ ಹೋಗುವುದಿದ್ದರೆ ಈಗಲೇ ಹೋಗಬೇಕು ಎಂದರು. ಮರುದಿನವೇ ಮಾವನವರು ಬಂದು ಕಟ್ಟೆಯ ಮೇಲೆ ಕುಳಿತರು. ಮಹಾದೇವಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಾಗಿಲಿಗೆ ಬಂದಳು.

“ಅಪ್ಪಾ, ಒಳಗ ಬಾ. ನೀವಿಬ್ಬರೂ ಒಂದು ಕೋಣ್ಯಾಗ ಕುಂತು ಮಾತಾಡ್ರಿ. ಮಾತಾಡಿದ್ರ ಮಧ್ಯಾಹ್ನದ ಬಸ್ಸಿಗೆ ಬರ್ತೇನಿ. ಇಲ್ಲಂದ್ರ ನೀ ಒಬ್ಬನೇ ಹೋಗು. ಕೂಸಿನ ಅಪ್ಪನ ಮಾರಿ ನೋಡಲಾರದ ಮನ್ಯಾಗ ನಾ ಹಡಿಯಾಂಗಿಲ್ಲ.”

ವಕೀಲರ ಮಗಳು. ಮೇಲ್ಮನವಿಗೆ ಅವಕಾಶ ಇರಲಿಲ್ಲ. ಮಾವನವರು ಚಪ್ಪಲಿ ಕಳಚಿ ಒಳಗೆ ಬಂದು ವಿದ್ಯಾರ್ಥಿಗಳ ಬೆಂಚಿನ ತುದಿಗೆ ಕುಳಿತರು. ಆಕೆ ನಡುಬಾಗಿಲು ಎಳೆದುಕೊಂಡು ಹಿಂದಿನ ಕೋಣೆಗೆ ಹೋದಳು.

ಪಕ್ಕದ ಹಿಟ್ಟಿನ ಗಿರಣಿಯೊಂದೇ ಮಾತಾಡುತ್ತಿತ್ತು. ಸುರು ಮಾಡಬೇಕಾದವನು ಚಿಕ್ಕವನಾದ ನಾನು. ಕಚೇರಿಯಲ್ಲಿ ಕರೆಯುತ್ತಿದ್ದಂತೆ ‘ಸಾಹೇಬ್ರ’ ಎನ್ನಬೇಕೋ, ಮದುವೆಯಾದ ಮೇಲೆ ಕರೆಯಬೇಕಾದಂತೆ ‘ಮಾವಾರ’ ಎನ್ನಬೇಕೋ ಎಂಬಲ್ಲಿಗೇ ನಾನು ನಿಂತುಬಿಟ್ಟಿದ್ದೆ. ಕೊನೆಗೆ, ಬಾಯಿಯಿಂದ ಆಗದ್ದು ಯಂತ್ರದಿಂದಲಾದರೂ ಆಗಲಿ, ಒಂದು ಇಂಗ್ಲಿಷ್ ಅರ್ಜಿ ಟೈಪು ಮಾಡಿ ತೋರಿಸೋಣ, ನಾನು ಕೂತಿರುವುದು ಟೀವಿ ಮುಂದಲ್ಲ ಎಂದು ಗೊತ್ತಾಗಲಿ ಎಂದುಕೊಂಡು ಪರದೆಯ ಗುಂಡಿ ಒತ್ತಿದೆ. ಬೆಳಿಗ್ಗೆ ಅವರು ಬಂದ ಸಪ್ಪಳಕ್ಕೆ ಗಾಬರಿಯಾಗಿ ನಾನು ಬಂದ್ ಮಾಡಿದ್ದು ಪರದೆಯನ್ನು ಮಾತ್ರ, ಒಳಗಿನ ಆಟವನ್ನಲ್ಲ ಎಂಬುದು ಆಗ ನೆನಪಾಯಿತು.

ಆ ಆಟವನ್ನು ಗುಲಬರ್ಗಾದ ಗೆಳೆಯನೊಬ್ಬ ಸಿ.ಡಿ.ಯಲ್ಲಿ ಕೊಟ್ಟಿದ್ದ. ಬಹಳ ದೊಡ್ಡ ಆಟ. ನಾವೇ ಒಬ್ಬ ಮನುಷ್ಯನಾಗಿ, ಹೆಸರು, ಕುಲ, ಕಸುಬು ಎಲ್ಲ ಆರಿಸಿಕೊಂಡು, ಕೋಟೆ, ಕಾಡು, ಊರು, ಮಾಟಗಾರರು ತುಂಬಿದ ದೇಶವೊಂದರಲ್ಲಿ ಬೇಕಾದ ಕಡೆ ತಿರುಗಬಹುದು. ತಾಲ್ಲೂಕು ಜಿಲ್ಲೆ ದಾಟಿದರೂ ಮುಗಿಯದಷ್ಟು ದೊಡ್ಡ ದೇಶ ಎಂದು ಗೆಳೆಯ ಹೇಳಿದ್ದ. ನಾನು ಅದರ ಮೊದಲ ಕೋಣೆಯನ್ನೂ ದಾಟಿರಲಿಲ್ಲ. ಆಟ ಸುರುವಾಗುವುದು ಸೆರೆಮನೆಯಲ್ಲಿ. ಜೈಲರ್ ಬಂದು ನೀನು ಯಾರು ಎಂದು ಕೇಳುತ್ತಾನೆ. ಕತ್ತಿ ಹಿಡಿಯುವವನಾಗಲೋ, ಮಂತ್ರ ಹಾಕುವವನಾಗಲೋ, ಬೀಗ ಮುರಿಯುವವನಾಗಲೋ ಎಂದು ನಾನು ದಿನಾ ಯೋಚಿಸಿ, ನಾಳೆ ನೋಡೋಣ ಎಂದು ಕಂಪ್ಯೂಟರ್ ಬಂದ್ ಮಾಡಿ ಏಳುತ್ತಿದ್ದೆ.

ಪರದೆಯ ಮೇಲೆ ಸರಳುಗಳ ಹಿಂದೆ ಕೈದಿ ಕುಳಿತಿದ್ದ. ಮಾವನವರು ಕನ್ನಡಕ ಸರಿಮಾಡಿಕೊಂಡರು.

“ಇಂವ ಯಾರು?”

ಅಷ್ಟು ದಿನಗಳ ನಂತರದ ಮೊದಲ ಮಾತು. ಅದು ನನಗೋ ಕಂಪ್ಯೂಟರಿಗೋ ಎಂದು ನಾನು ಒಂದು ಕ್ಷಣ ಕಾದೆ. ಕಂಪ್ಯೂಟರ್ ಉತ್ತರಿಸಲಿಲ್ಲ.

“ಕೈದಿ ಅದಾನ್ರಿ.”

“ಏನು ಗುನ್ಹೆ ಮಾಡ್ಯಾನ?”

“ಅದನ್ನ ಹೇಳಿಲ್ರಿ.”

“ಹೇಳಲಾರದ ಒಳಗ ಹಾಕ್ಯಾರೇನು?” ಅವರು ಬೆಂಚಿನ ತುದಿಯಿಂದ ನಡುವಿಗೆ ಸರಿದರು. ಜೈಲರ್ ಏನು ಕೇಳುತ್ತಿದ್ದಾನೆ ಎಂದು ವಿಚಾರಿಸಿದರು. ಹೆಸರು ಕೇಳುತ್ತಿದ್ದಾನೆ ಎಂದೆ. “ಹೆಸರೇ ಗೊತ್ತಿಲ್ಲಂದ್ರ ಹಿಡಿದು ತಂದದ್ದು ಯಾರನ್ನ? ಮೊದಲ ಅದನ್ನ ಕೇಳು ಅವನಿಗೆ.”

ಹಾಗೆ ಕೇಳಲು ಆಟದಲ್ಲಿ ಬರುವುದಿಲ್ಲ, ಅವರು ಬರೆದಿಟ್ಟ ಮಾತುಗಳಲ್ಲಿ ಒಂದನ್ನು ಆರಿಸಬೇಕು ಎಂದು ವಿವರಿಸಿದೆ. ನಮ್ಮ ಕೋರ್ಟಿನಲ್ಲೂ ಅನೇಕರು ಹಾಗೇ ಮಾಡುತ್ತಾರೆ ಎಂದು ಅವರು ಒಪ್ಪಿಕೊಂಡರು. ಕುಲ ಆರಿಸುವಾಗ ಬೆಕ್ಕಿನ ಮುಖದವರನ್ನು ನೋಡಿ ಹುಬ್ಬೇರಿಸಿದರು, ಉದ್ದ ಕಿವಿಯವರನ್ನು ನೋಡಿ ತಮ್ಮ ಊರಿನ ಒಬ್ಬ ಸಾಹುಕಾರರನ್ನು ನೆನೆಸಿಕೊಂಡರು. ಕಸುಬಿನ ಪಟ್ಟಿ ಬಂತು. ನಾನು ಯಥಾಪ್ರಕಾರ ಯೋಚಿಸತೊಡಗಿದೆ. ಹಿಂದಿನಿಂದ ಕೈ ಚಾಚಿ ಅವರು ಪರದೆಗೆ ಬೆರಳು ಬಡಿದರು. “ಕತ್ತಿ ಹಿಡಿಯೋದು ತಗೋ. ಎಷ್ಟೊತ್ತು ಯೋಚನಿ ಮಾಡ್ತಿ? ಇದೇ ನೋಡು ನಿನ್ನ ರೋಗ.”

ನಾನು ಮರುಮಾತಾಡದೆ ಕತ್ತಿ ತೆಗೆದುಕೊಂಡೆ. ಜೈಲರ್ ಬಾಗಿಲು ತೆರೆದು, ಹೋಗು, ಎಂದ. ನಾನು ಹೊರಡಬೇಕು ಎನ್ನುವಷ್ಟರಲ್ಲಿ ಮಾವನವರು ನನ್ನ ರಟ್ಟೆ ಹಿಡಿದರು.

“ತಡಿ. ಬಿಡುಗಡೆ ಆರ್ಡರ್ ಎಲ್ಲದ?”

“ಇಲ್ರಿ. ಹೋಗಂತ ಅಂದಾನಲ್ರಿ.”

“ಬಾಯಿ ಮಾತಿನ ಮ್ಯಾಲ ಹೊರಗ ಬಿದ್ದರ ಅದು ಫರಾರಿ ಆಗ್ತದ. ನಾಳಿ ಇವನೇ ಇಲ್ಲ ಅಂದ್ರ? ಸಾಕ್ಷಿ ಯಾರದಾರ ಇಲ್ಲಿ?”

ಹೀಗೆ ನಾವು ತೆರೆದ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತೆವು. ಅವರು ಹೇಳಿದಂತೆ ನಾನು ಜೈಲರನನ್ನು ಮಾತಾಡಿಸಿದೆ, ಅವನು ಹೋಗು ಎಂದ. ಮತ್ತೆ ಮಾತಾಡಿಸಿದೆ, ಮತ್ತೆ ಅದನ್ನೇ ಅಂದ. ಅವನ ಹೇಳಿಕೆ ಎಲ್ಲಿಯೂ ಬದಲಾಗಲಿಲ್ಲವೆಂದು ಖಾತ್ರಿಯಾದ ಮೇಲೆ ಮಾವನವರು, “ಆತು, ನಡಿ. ಸಾಕ್ಷಿ ಗಟ್ಟಿ ಅದಾನ” ಎಂದರು. ನನಗೆ ನಗು ಬರುತ್ತಿತ್ತು. ನಕ್ಕರೆ ಎದ್ದು ಕಟ್ಟೆಗೆ ಹೋಗಿಬಿಡುತ್ತಾರೆ ಎಂಬ ಹೆದರಿಕೆಯಿಂದ ಹಲ್ಲು ಕಚ್ಚಿ ಕುಳಿತಿದ್ದೆ.

ಹೊರಗೆ ಬಂದರೆ ಹುಲ್ಲಿನ ಬಯಲು, ದೂರದಲ್ಲಿ ಗುಡ್ಡ, ಮೇಲೆ ಆಕಾಶ. ರಸ್ತೆ ಮೂರು ದಿಕ್ಕಿಗೆ ಒಡೆದಿತ್ತು. ಎದುರಿಗೆ ಒಬ್ಬರೂ ಇರಲಿಲ್ಲ.

“ಈಗೇನು ಮಾಡಬೇಕು?”

“ಏನ ಬೇಕಾದ್ರೂ ಮಾಡಬಹುದ್ರಿ. ಅದೇ ಈ ಆಟದ ವಿಶೇಷ.”

ಮಾವನವರು ಆ ಮೂರೂ ರಸ್ತೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, “ನೀನೂ ಹಂಗೇ ಅಂದ್ಕೊಂಡು ಹೋದಿ” ಎಂದರು. “ಒಂದು ಮಾತು ನನ್ನ ಮುಂದ ಕುಂತು ಹೇಳಿದ್ರ ಏನಾಗ್ತಿತ್ತು? ಕೋಟು ಟ್ರಂಕಿಗೆ ಹಾಕಿದ್ದು ನನಗ ಚಹಾದ ಅಂಗಡಿಯಾಂವ ಹೇಳಿದ.”

ಗಿರಣಿ ಒಮ್ಮೆ ನಿಂತು ಮತ್ತೆ ಸುರುವಾಯಿತು. ನನ್ನ ಕೈ ಮೌಸಿನ ಮೇಲೆಯೇ ಇತ್ತು. “ಹ್ಯಾಂಗ ಸುರು ಮಾಡಬೇಕಂತ ತಿಳೀಲಿಲ್ರಿ, ಮಾವಾರ” ಎಂದೆ. ಅದು ನಿಜವಾಗಿತ್ತು. ಅವರು ನನ್ನನ್ನು ನೋಡಿದರು, ಗೋಡೆಯನ್ನಲ್ಲ. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆಟದೊಳಗೆ ಕತ್ತಲಾಯಿತು, ತೋಳ ಊಳಿಟ್ಟಿತು.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಹುಲ್ಲಿನೊಳಗಿಂದ ಒಂದು ತೋಳ ಬಂತು, ಅದರ ಹಿಂದೆ ಇನ್ನೊಂದು. ಕತ್ತಿ ತೆಗೆಯಲು ಒತ್ತುವ ಕೀಲಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ನಮ್ಮವನ ಜೀವದ ಕೆಂಪು ಗೆರೆ ಕಚ್ಚಿದಷ್ಟೂ ಕುಗ್ಗುತ್ತಿತ್ತು. ಗಿರಣಿಯವನು ಜೋಳದ ಚೀಲ ಸುರಿದನೋ ಏನೋ, ವೋಲ್ಟೇಜು ಬಿದ್ದು ಪರದೆ ನಡುಗಿತು. ಸ್ಟೆಬಿಲೈಸರ್ ಟಕಟಕ ಎನ್ನತೊಡಗಿತು. ಎಲ್ಲೋ ಯಾರೋ ಕರೆದಂತಾಯಿತು. ತೋಳಗಳ ಗದ್ದಲದಲ್ಲಿ ಅದು ತಿಳಿಯಲಿಲ್ಲ. “ಓಡು, ಎಡಕ್ಕ ಓಡು, ಅಲ್ಲಿ ದೀಪ ಕಾಣಸ್ತದ” ಎಂದು ಮಾವನವರು ನನ್ನ ಹೆಗಲನ್ನು ಒತ್ತುತ್ತಿದ್ದರು. ಓಡಿದೆ. ಒಂದು ಮನೆ. ಬಾಗಿಲಿಗೆ ಬೀಗ.

“ಮುರೀಲೇನ್ರಿ?”

“ಬ್ಯಾಡ. ಮಂದಿ ಮನಿ ಬಾಗಿಲ ಮುರಿಯೋದು ಅತಿಕ್ರಮಣ.”

ಕೆಂಪು ಗೆರೆ ಉಗುರಿನಷ್ಟು ಉಳಿಯಿತು. ನನ್ನ ಬೆನ್ನಿಗೆ ಅವರ ಉಸಿರು ತಾಗುತ್ತಿತ್ತು. ಇಡೀ ಜಿಲ್ಲೆಯಲ್ಲಿ ಕಾನೂನು ಬಿಟ್ಟು ಹೆಜ್ಜೆ ಇಡದವರೆಂದು ಹೆಸರಾದ ಚನ್ನಪ್ಪ ವಕೀಲರು ಬೆಂಚಿನಿಂದ ಎದ್ದು ನಿಂತರು.

“ಮುರಿ ಲೇ ಬಸು, ಬಾಗಿಲ ಮುರಿ. ಕೇಸು ನಾ ನೋಡ್ಕೋತೇನಿ.”

ನಾನು ಕೀಲಿ ಒತ್ತಿದೆ. ಕರೆಂಟು ಹೋಯಿತು.

ಪರದೆ ಕಪ್ಪಾದಾಗ ಕೋಣೆಯಲ್ಲಿ ಒಮ್ಮೆಲೇ ಸದ್ದು ಅಡಗಿತು. ಆ ಮೌನದಲ್ಲಿ ಹಿಂದಿನಿಂದ ಯಾರೋ ಹಲ್ಲು ಕಚ್ಚಿ ನರಳುವುದು ಕೇಳಿಸಿತು. ತಿರುಗಿ ನೋಡಿದೆವು. ಮಹಾದೇವಿ ನಡುಬಾಗಿಲಿನ ಹೊಸ್ತಿಲ ಬಳಿ ನೆಲಕ್ಕೆ ಕುಳಿತು ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದಳು. ಮುಖದ ತುಂಬ ಬೆವರು.

ನಾವಿಬ್ಬರೂ ಎದ್ದೆವು, ಎದ್ದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ತಿಳಿದಿದ್ದವಳು ಆಕೆಯೇ. “ನೀವು ಆಟೋ ತರ್ರಿ” ಎಂದು ನನಗೆ, “ಅಪ್ಪಾ, ಕಪಾಟಿನ ಕೆಳಗ ಚೀಲ ಕಟ್ಟಿಟ್ಟೇನಿ, ಅದನ್ನ ತಗೋ” ಎಂದು ಅವರಿಗೆ, ನೋವು ಬಿಟ್ಟ ನಡುವಿನಲ್ಲಿ ಹೇಳಿದಳು. ನಾನು ಬರಿಗಾಲಲ್ಲಿ ಬಸ್ ನಿಲ್ದಾಣದವರೆಗೆ ಓಡಿದೆ. ಆಟೋದಲ್ಲಿ ಆಕೆಯ ತಲೆ ಮಾವನವರ ಹೆಗಲ ಮೇಲಿತ್ತು, ಕೈ ನನ್ನ ಕೈಯಲ್ಲಿತ್ತು. ಪ್ರತಿ ತಗ್ಗಿಗೂ ಮಾವನವರು ಆಟೋದವನಿಗೆ, “ಸಾವಕಾಶ” ಎಂದೂ “ಜಲ್ದಿ” ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ದವಾಖಾನೆಯಲ್ಲಿ ನರ್ಸಮ್ಮ ಆಕೆಯನ್ನು ಒಳಗೆ ಕರೆದೊಯ್ದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, “ಬಿ.ಪಿ. ಏರ್‍ಯಾದ. ಇಳಿಲಿಲ್ಲಂದ್ರ ಗುಲಬರ್ಗಾಕ್ಕ ಒಯ್ಯಬೇಕಾಗ್ತದ. ಗಾಡಿ ನೋಡಿಟ್ಟಿರ್ರಿ. ನೋವು ಬಂದು ಭಾಳ ಹೊತ್ತಾಗ್ಯಾದ, ಮನ್ಯಾಗ ಯಾರೂ ಇರಲಿಲ್ಲೇನು?” ಎಂದಳು. ಮಾವನವರು ನೆಲ ನೋಡಿದರು. “ಇದ್ದೆವ್ರಿ” ಎಂದೆ ನಾನು. ಆಕೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ಗಾಡಿ ಮಾತಾಡಿ ಬಂದು ವರಾಂಡದ ಬೆಂಚಿನ ಮೇಲೆ ಕುಳಿತೆ. ಒಳಗಿನಿಂದ ಮಹಾದೇವಿಯ ದನಿ ಬರುತ್ತಿತ್ತು, ನಿಲ್ಲುತ್ತಿತ್ತು. ಬಂದರೆ ಭಯ, ನಿಂತರೆ ಅದಕ್ಕಿಂತ ಭಯ. ಮಾವನವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿಕೊಂಡಿದ್ದರು. ಆಕೆಯ ತಾಯಿ ಆಕೆಯನ್ನು ಹೆತ್ತಾಗ ತಾವು ಯಾವುದೋ ಖಟ್ಲೆಯ ವಾದದಲ್ಲಿದ್ದುದಾಗಿಯೂ, ಗೆದ್ದು ಮನೆಗೆ ಬಂದರೆ ಯಾರೂ ಗೆದ್ದಿರಾ ಎಂದು ಕೇಳಲಿಲ್ಲವೆಂದೂ ಹೇಳಿದರು. ಆಮೇಲೆ ನನ್ನ ಬರಿಗಾಲು ನೋಡಿ, “ಕಲ್ಲು ಚುಚ್ಚ್ಯಾದ ನೋಡು, ರಕ್ತ ಬರಾಕತ್ತದ” ಎಂದು ತಮ್ಮ ಕರವಸ್ತ್ರ ಕೊಟ್ಟರು. ಅದನ್ನು ನಾನು ಕಟ್ಟಿಕೊಳ್ಳುತ್ತಿದ್ದಾಗ ಒಳಗೆ ಕೂಸು ಅತ್ತಿತು.

ಹೆಣ್ಣು. ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಹೇಳಿದಾಗ ಮಾವನವರು ಗೋಡೆಗೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು. ಒಳಗೆ ಬಿಟ್ಟ ಮೇಲೆ ನಾವು ಮಂಚದ ಎರಡೂ ಬದಿಗೆ ನಿಂತೆವು. ಮಹಾದೇವಿ ಸೋತು ಮಲಗಿದ್ದಳು. ಏನಾದರೂ ಒಳ್ಳೆಯ ಸುದ್ದಿಯಿಂದ ಸುರು ಮಾಡೋಣ ಎಂದು ನಾನು, ಜೀವನದಲ್ಲಿ ಮೊದಲ ಸಲ ತಡಮಾಡದೆ, “ನಾವಿಬ್ಬರೂ ಮಾತಾಡಿದೆವು” ಎಂದೆ.

“ಗೊತ್ತದ” ಎಂದಳು ಆಕೆ, ಕಣ್ಣು ತೆರೆಯದೆ. “ಎಷ್ಟು ಸಲ ಕೂಗಿದೆ ನಿಮ್ಮನ್ನ. ಮಾತು ಬಿಟ್ಟಿದ್ದಾಗ ಒಬ್ಬರಿಗರ ಕೇಳಸ್ತಿತ್ತು.”

ಆ ಮಂಚದ ಎರಡೂ ಬದಿಗೆ ಕಾನೂನು ಓದಿದವರೇ ನಿಂತಿದ್ದೆವು. ಇಬ್ಬರೂ ಕೂಡಿಯೇ ಗೋಡೆ ನೋಡತೊಡಗಿದೆವು.