ನಾನು ಸ್ಪ್ಯಾನಿಷ್‌ನಲ್ಲಿ ಪ್ರಶ್ನೆ ಕೇಳಲು ಕಲಿತದ್ದು

ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ನನಗೆ ಮೊದಲಿನಿಂದಲೂ ಇದೆ. ಇಪ್ಪತ್ತೆರಡು ವರ್ಷದಿಂದ ಸಣ್ಣ ಮಕ್ಕಳಿಗೆ ಪಾಠ ಹೇಳುವ ಟೀಚರು ನಾನು. ದಿನಾ ಬೆಳಿಗ್ಗೆ ಗಜೇಂದ್ರಗಡದಿಂದ ಸ್ಕೂಟಿ ಮೇಲೆ ಸೂಡಿ ಊರಿನ ಶಾಲೆಗೆ ಹೋಗಿ, ಹಗಲೆಲ್ಲ ಪ್ರಶ್ನೆ ಕೇಳಿ, ಮಿಕ್ಕವನ್ನು ಸಂಜೆ ಮನೆಗೆ ತಂದು ಯಜಮಾನರಿಗೆ ಕೇಳುತ್ತೇನೆ. ಮಕ್ಕಳಾದರೆ ತಪ್ಪೋ ಒಪ್ಪೋ ಉತ್ತರ ಹೇಳುತ್ತಾರೆ. ಯಜಮಾನರು ಪೇಪರಿನ ಪುಟ ತಿರುವುತ್ತಾರೆ.

ಇಂಥ ನನಗೆ ಕಳೆದ ವರ್ಷ ಒಂದು ಪರೀಕ್ಷೆ ಬಂತು. ನಮ್ಮ ಅತ್ತೆ ನೀಲವ್ವ ಎಪ್ಪತ್ತು ದಾಟಿದರೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಪಟ್ಟೇದ ಅಂಚಿನ ಸೀರೆ ನೇಯುತ್ತಾರೆ. ಯಾರೋ ಹಾಕಿದ ವಿಡಿಯೊದಲ್ಲಿ ಅವರ ಕೈಕೆಲಸ ಕಂಡು, ಸ್ಪೇನ್ ದೇಶದ ಇನೇಸ್ ಎಂಬ ನೇಕಾರ ಹೆಣ್ಣುಮಗಳು ಎಂಟು ದಿನ ನಮ್ಮ ಮನೆಯಲ್ಲಿದ್ದು ಕಲಿಯುತ್ತೇನೆಂದು ಬರೆದಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನದು ಆರನೇ ಇಯತ್ತೆಯ ಪುಸ್ತಕ ದಾಟಿದ್ದಲ್ಲ. "ಮೊಬೈಲ್‌ನ್ಯಾಗ ಮಾತಾಡಿದ್ರ ಅದೇ ಭಾಷಾಂತರ ಮಾಡತೈತಿ, ಬಿಡ" ಎಂದರು ಯಜಮಾನರು. ನನಗೆ ಅವಮಾನವಾಯಿತು. ಮನೆಯಲ್ಲಿ ಒಬ್ಬ ಟೀಚರು ಇರುವಾಗ ಮೊಬೈಲು ಮಾತಾಡುವುದೇ? "ಒಂದ ತಿಂಗಳ ಐತಲ್ರಿ, ನಾನ ಸ್ಪ್ಯಾನಿಷ್ ಕಲೀತೀನಿ" ಎಂದೆ. ಇಡೀ ಭಾಷೆ ಒಂದು ತಿಂಗಳಿಗೆ ಭಾರವೆಂದು ಪ್ರಶ್ನೆಗಳಷ್ಟನ್ನೇ ಕಲಿಯಲು ಕುಳಿತೆ. ಪ್ರಶ್ನೆ ಕೇಳಿದರೆ ಸಾಕು, ಉತ್ತರದ ಹೊಣೆ ಎದುರಿನವರದು ಎಂಬುದು ನನ್ನ ಇಪ್ಪತ್ತೆರಡು ವರ್ಷದ ಅನುಭವ.

ಮೊದಲ ವಾರ ಸುಖವಾಗಿಯೇ ಸಾಗಿತು. ನಮ್ಮಲ್ಲಿ ಯಾರು, ಯಾಕ, ಯಾವಾಗ ಎಲ್ಲ 'ಯಾ'ದಿಂದ ಹೊರಡುವ ಹಾಗೆ ಅವರಲ್ಲಿ 'ಕ'ದಿಂದ ಹೊರಡುತ್ತವೆ. ಏನು ಅಂದರೆ 'ಕೇ', ಯಾರು ಅಂದರೆ 'ಕಿಯೆನ್', ಯಾವಾಗ 'ಕ್ವಾಂದೊ', ಹ್ಯಾಂಗ 'ಕೋಮೊ'. ಎಲ್ಲಿ ಎಂಬುದೊಂದು ಮಾತ್ರ ಈ ಬಳಗಕ್ಕೆ ಸೇರದೆ 'ದೋಂದೆ' ಅಂತ ಬೇರೆ ಮನೆ ಮಾಡಿಕೊಂಡಿದೆ. ಬರೆಯುವಾಗ ಪ್ರಶ್ನೆಯ ಮೊದಲಿಗೇ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಪ್ರಶ್ನೆ ಬರುತ್ತಿದೆ ಹುಷಾರ್ ಎನ್ನುವ ಹಾಗೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಎಡವಿದ್ದು ಧ್ವನಿಯಲ್ಲಿ. ನಮ್ಮಲ್ಲಿ "ಉಂಡೀರೇನ್ರಿ" ಅಂದರೆ ಆ 'ಏನ್ರಿ'ಯೇ ಪ್ರಶ್ನೆಯನ್ನು ಹೊತ್ತುಕೊಂಡು ಹೋಗುತ್ತದೆ. ಸ್ಪ್ಯಾನಿಷ್‌ನಲ್ಲಿ ಅಂಥ ಕೂಲಿಯಾಳು ಇಲ್ಲ. ನೀನು ಉಂಡೆ ಎನ್ನುವುದಕ್ಕೂ ನೀನು ಉಂಡೆಯಾ ಎನ್ನುವುದಕ್ಕೂ ಶಬ್ದಗಳು ಅವೇ. ಕೊನೆಗೆ ದನಿ ಮೇಲೇರಿಸಬೇಕು, ಅಷ್ಟೇ. ನನ್ನ ದನಿ ಮೇಲೇರಲು ಸುತರಾಂ ಒಪ್ಪಲಿಲ್ಲ. ದಿನಾ ಸಂಜೆ ಮಗ್ಗದ ಕೋಣೆಯಲ್ಲಿ ಮೊಬೈಲು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಅತ್ತೆ ಲಾಳಿ ನಿಲ್ಲಿಸಿ, "ನೀ ಕೇಳೂದು ಕೇಳಿದ್ಹಂಗ ಇಲ್ಲವಾ, ಯಾರಿಗೋ ಬೈದ್ಹಂಗ ಐತಿ" ಎಂದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಎಂದು ನಾನು ಆ ಟೀಕೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಇನೇಸ್ ಬಂದಳು. ಎತ್ತರದ, ನಗುಮುಖದ ಹೆಣ್ಣುಮಗಳು. ಅತ್ತೆಯ ಪಕ್ಕ ಕುಳಿತು ನಾಲ್ಕೇ ದಿನದಲ್ಲಿ ಲಾಳಿ ಒಗೆಯುವುದನ್ನು ಕಲಿತಳು. ನಾನು ಕೇಳಿದ್ದಕ್ಕೆಲ್ಲ ಅವಳು ಗಾಬರಿಯಿಂದ ನೋಡಿ ತಲೆಯಾಡಿಸುತ್ತಿದ್ದಳು. ಸ್ಟೇಶನ್ ಎಲ್ಲಿದೆ, ಈ ಹೋಟೆಲಿನಲ್ಲಿ ಕೋಣೆ ಇದೆಯೇ ಎಂದು ಮೊಬೈಲು ಕಲಿಸಿದ್ದನ್ನೇ ನಾನು ನನ್ನ ಮನೆಗೆ ಬಂದ ಅತಿಥಿಗೆ ಕೇಳುತ್ತಿದ್ದೆನೆಂಬುದು ಆಮೇಲೆ ಹೊಳೆಯಿತು.

ಐದನೆಯ ದಿನ ಭಾನುವಾರ. ಇನೇಸ್ ಏಳುವುದು ತಡವಾಯಿತು. ರೊಟ್ಟಿ ಮುಂದಿಟ್ಟರೆ ತಟ್ಟೆ ಸರಿಸಿದಳು. ಕಣ್ಣು ಕೆಂಪಾಗಿದ್ದವು. ಮೈಯಲ್ಲಿ ಹುಷಾರಿಲ್ಲವೋ, ಊರು ನೆನಪಾಯಿತೋ, ನಮ್ಮಿಂದ ಏನಾದರೂ ತಪ್ಪಾಯಿತೋ? ಕೇಳೋಣವೆಂದರೆ ನೆನಪಿಗೆ ಬಂದದ್ದು ಆ ಸ್ಟೇಶನ್ನು, ಹೋಟೆಲು ಮಾತ್ರ. ಮೊಬೈಲು ಎಲ್ಲಿಟ್ಟೆನೆಂದು ಹುಡುಕಾಡುವಷ್ಟರಲ್ಲಿ ಅತ್ತೆ ಎದ್ದು ಬಂದು ಅವಳ ಗದ್ದ ಹಿಡಿದೆತ್ತಿ ಕೇಳಿದರು:

"ಕೇ ಪಾಸಾ, ಯವ್ವಾ?"

ಏನಾಯಿತು ಎಂದು ಅರ್ಥ. ದನಿ ಎಲ್ಲಿ ಏರಬೇಕೋ ಅಲ್ಲೇ ಏರಿತ್ತು. ಒಂದು ತಿಂಗಳು ನೇಯುತ್ತಲೇ ನನ್ನ ಮೊಬೈಲಿನ ಪಾಠವನ್ನೆಲ್ಲ ಕೇಳಿಸಿಕೊಂಡಿದ್ದರು ಮುದುಕಿ! ಇನೇಸ್ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅಳುತ್ತ ಹೇಳಿದ್ದರಲ್ಲಿ ನನಗೆ ಒಂದೇ ಶಬ್ದ ಸಿಕ್ಕಿತು, 'ಇಲೋಸ್'. ನೇಕಾರರ ಮನೆಯ ಸೊಸೆಯಾಗಿ ಅದೊಂದನ್ನು ಬೇಕೆಂದೇ ಕಲಿತಿದ್ದೆ. ಎಳೆಗಳು!

ಆಗ ನನಗೆ ಎಲ್ಲಿಲ್ಲದ ಧೈರ್ಯ ಬಂತು. "ದೋಂದೆ?" ಎಂದೆ. ಅವಳು ಕೈ ಹಿಡಿದು ಮಗ್ಗದ ಬಳಿಗೆ ಕರೆದೊಯ್ದು ತೋರಿಸಿದಳು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಅಂಚಿನ ಹತ್ತಿರ ಹರಿದಿದ್ದವು. "ಕ್ವಾಂತೋಸ್?" ಎಷ್ಟು? ಹತ್ತು ಬೆರಳು ಎರಡು ಸಲ ತೋರಿಸಿ ಮೇಲೆ ಎರಡು. "ಕ್ವಾಂದೊ?" ಕೈಯನ್ನು ಹಿಂದಕ್ಕೆ ಬೀಸಿ ತೋರಿಸಿದಳು, ನಿನ್ನೆಯಂತೆ. ಅತ್ತೆಯ ಸೀರೆಯನ್ನೇ ಕೆಡಿಸಿಬಿಟ್ಟೆನೆಂದು ಹೇಳಲು ಅಂಜಿ ಉಪವಾಸ ಬಿದ್ದಿದ್ದಳು ಹುಡುಗಿ.

ಅತ್ತೆ ಹರಿದದ್ದನ್ನು ನೋಡಿ ಗೊಳ್ಳೆಂದು ನಕ್ಕರು. "ಇಷ್ಟಕ್ಕ ಅತ್ತೇನ? ನಾ ಲಗ್ನಾಗಿ ಬಂದ ವರ್ಷ ಅರ್ಧ ಹಾಸು ಹರದು ಅಡಗಿ ಮನ್ಯಾಗ ಅಡಗಿ ಕುಂತಿದ್ದೆ. ಹೇಳ ಆಕಿಗೆ." ಹೇಳಲು ನನಗೆಲ್ಲಿ ಬರಬೇಕು? ನಾನು ಕಲಿತದ್ದು ಕೇಳಲು. ಅತ್ತೆ ತಾವೇ ಕುಳಿತು ಬೆರಳಲ್ಲಿ ಎಳೆಗೆ ಎಳೆ ಹೊಸೆದು, ಮೂರು ಜೋಡಿಸಿ ತೋರಿಸಿ ಉಳಿದವನ್ನು ಅವಳ ಕೈಗೇ ಬಿಟ್ಟರು. ಇಪ್ಪತ್ತೆರಡನೆಯ ಎಳೆ ಕೂಡಿದಾಗ ಇನೇಸ್ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಆಮೇಲೆ ನಾಲ್ಕು ರೊಟ್ಟಿ ತಿಂದಳು.

ಆ ದಿನದಿಂದ ನನ್ನ ಎದೆ ಎರಡು ಇಂಚು ಮುಂದೆ ಬಂದಿದೆ. ರೋಣ, ನರಗುಂದ, ಗಜೇಂದ್ರಗಡ ಮೂರನ್ನೂ ಜಾಲಾಡಿದರೂ ಅತ್ತೆ-ಸೊಸೆ ಇಬ್ಬರೂ ಸ್ಪ್ಯಾನಿಷ್‌ನಲ್ಲಿ ಪ್ರಶ್ನೆ ಕೇಳುವ ಮನೆ ಇನ್ನೊಂದು ಸಿಕ್ಕರೆ ತೋರಿಸಿ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಇನೇಸ್ ನನ್ನ ಎರಡೂ ಕೈ ಹಿಡಿದು ಸ್ಪ್ಯಾನಿಷ್‌ನಲ್ಲೇ ಒಂದು ಉದ್ದನೆಯ ಪ್ರಶ್ನೆ ಕೇಳಿದಳು. ಕೊನೆಗೆ ದನಿ ಏರಿದ್ದರಿಂದ ಅದು ಪ್ರಶ್ನೆ ಎಂದು ನನಗೆ ಖಚಿತವಾಗಿ ತಿಳಿಯಿತು. ಸುತ್ತ ನಿಂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಟೀಚರಿಗೆ ತಿಳಿಯಲಿಲ್ಲ ಎನ್ನುವುದುಂಟೇ? "ಸಿ, ಸಿ", ಅಂದರೆ ಹೌದು ಹೌದು, ಎಂದು ಗಂಭೀರವಾಗಿ ತಲೆಯಾಡಿಸಿದೆ. ಅವಳು ನನ್ನನ್ನು ತಬ್ಬಿಕೊಂಡು ಬಸ್ ಹತ್ತಿದಳು.

"ಏನಂದ್ಲು?" ಎಂದರು ಯಜಮಾನರು.

"ನಮ್ಮ ನಮ್ಮ ಮಾತು, ನಿಮಗ್ಯಾಕ್ರಿ" ಎಂದೆ.

ಮೊನ್ನೆ ಅವಳ ಪತ್ರ ಬಂತು, ಯಜಮಾನರು ಅದನ್ನು ಮೊಬೈಲಿನಲ್ಲಿ ಭಾಷಾಂತರ ಮಾಡಿಸಿದರು. ನಾನು ಒಪ್ಪಿದ ಪ್ರಕಾರ, ಬರುವ ದೀಪಾವಳಿಗೆ ಐದು ಜನ ಗೆಳತಿಯರನ್ನು ಕರೆದುಕೊಂಡು ಒಂದು ತಿಂಗಳು ಇರಲು ಬರುತ್ತಿದ್ದಾಳಂತೆ. ಅತ್ತೆಗೆ ಹಿಗ್ಗೋ ಹಿಗ್ಗು. ಯಜಮಾನರು ಮೊದಲ ಸಲ ಪೇಪರು ಕೆಳಗಿಟ್ಟು, "ಖರೇ ಹೇಳ, ಅವತ್ತು ಆಕಿ ಕೇಳಿದ್ದು ನಿನಗ ತಿಳಿದಿತ್ತೇನ?" ಎಂದು ಕೇಳುತ್ತಿದ್ದಾರೆ. ಏನು ಮಾಡಲಿ? ನಾನೀಗ ಪೇಪರಿನ ಪುಟ ತಿರುವುತ್ತಿದ್ದೇನೆ.